ಜಾನ್ ಮರಿಯಾ ವೊಲೊಂತೆ: ಸ್ಕ್ರಿಪ್ಟನ್ನ ಕೈಯಾರೆ ಬರ್ಕೊಂಡು ಪಾತ್ರದೊಳಗೆ ಇಳೀತಿದ್ದ ನಟ

ಕ್ಲಿಂಟ್ ಈಸ್ಟ್‌ವುಡ್ ಕೌಬಾಯ್ ಸಿನಿಮಾಗಳನ್ನ ನೋಡಿರೋರಿಗೆ 'ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್' ವಿಲನ್ ರಮೋನ್ ಖಂಡಿತ ನೆನಪಿರ್ತಾನೆ. ಕ್ಲೈಮ್ಯಾಕ್ಸಲ್ಲಿ ರೈಫಲ್ ಎತ್ತಿ ಎದೆಗೇ ಗುರಿಯಿಟ್ಟು ಹೊಡೀತಾನೆ, ಈಸ್ಟ್‌ವುಡ್ ಬೀಳ್ತಾನೆ, ಏಳ್ತಾನೆ, ಮತ್ತೆ ಹೊಡೀತಾನೆ, ಮತ್ತೆ ಏಳ್ತಾನೆ, ಆಗ ರಮೋನ್ ಕಣ್ಣಲ್ಲಿ ಸೊಕ್ಕು ಇಳಿದು ದಿಗಿಲು ಹತ್ತೋದನ್ನ ಗಮನಿಸಿ ನೋಡಿ. ಆ ನಟನೇ ಜಾನ್ ಮರಿಯಾ ವೊಲೊಂತೆ. ಅವರ ಬಗ್ಗೆ ಕನ್ನಡದಲ್ಲಿ ಬರೆದಿದ್ದು ನನ್ನ ಕಣ್ಣಿಗೆ ಬಿದ್ದಿದ್ದು ಕಡಿಮೆ, ಅದಕ್ಕೇ ಈ ಪೋಸ್ಟು, ಸ್ವಲ್ಪ ಉದ್ದ ಆಗತ್ತೆ, ಆದ್ರೂ ಓದಿ.

1964ರಲ್ಲಿ ಆ ಚಿತ್ರ ಬಂದಾಗ ಟೈಟಲ್‌ನಲ್ಲಿ ವೊಲೊಂತೆ ಅನ್ನೋ ಹೆಸರೇ ಇರ್ಲಿಲ್ಲ, ಜಾನ್ ವೆಲ್ಸ್ ಅಂತಿತ್ತು. ಇಟಲಿಯವರು ತೆಗೆದ ಕೌಬಾಯ್ ಪಿಕ್ಚರ್ ಅಂದ್ರೆ ಜನ ಬರಲ್ಲ ಅನ್ನೋ ಭಯಕ್ಕೆ ನಿರ್ದೇಶಕ ಸೆರ್ಜಿಯೊ ಲಿಯೋನೆ ತಾವೇ ಬಾಬ್ ರಾಬರ್ಟ್‌ಸನ್ ಆಗಿದ್ರು, ಸಂಗೀತ ಮಾಡಿದ ಎನ್ನಿಯೊ ಮೊರಿಕೊನೆ ಡ್ಯಾನ್ ಸಾವಿಯೊ ಆಗಿದ್ರು. ಹೆಸರು ಹೋದ್ರೆ ಹೋಗ್ಲಿ, ಧ್ವನಿನೂ ಅವರದ್ದಲ್ಲ. ಇಂಗ್ಲಿಷ್ ಪ್ರತಿಯಲ್ಲಿ ಬೇರೆಯವರ ಧ್ವನಿ ಇರೋದು ಸಹಜ ಬಿಡಿ, ಇಟಾಲಿಯನ್ ಪ್ರತಿಯಲ್ಲೂ ನಾಂದೊ ಗಜ್ಜೊಲೊ ಅನ್ನೋ ಇನ್ನೊಬ್ಬ ನಟ ಮಾತಾಡಿದಾರೆ. ಅಂದ್ರೆ ಪ್ರಪಂಚ ಪೂರ್ತಿ ನೋಡಿದ ಅವರ ಚಿತ್ರದಲ್ಲಿ ಅವರ ಮುಖ ಮಾತ್ರ ಇದೆ. ಅದೇ ಮನುಷ್ಯ ಮುಂದೆ ನಟನ ಮುಖನೂ ಧ್ವನಿನೂ ಬೇರೆ ಬೇರೆ ಮಾಡೋದು ಅನ್ಯಾಯ ಅಂತ ಇಟಲಿಯ ಸಿನಿಮಾ ಉದ್ಯಮದ ಎದುರು ನಿಂತ್ರು. ಆ ಕಥೆಗೆ ಆಮೇಲೆ ಬರ್ತೀನಿ.

ಹುಟ್ಟಿದ್ದು 1933ರ ಏಪ್ರಿಲ್ 9, ಮಿಲಾನ್‌ನಲ್ಲಿ, ಬೆಳೆದಿದ್ದು ಟ್ಯೂರಿನ್‌ನಲ್ಲಿ. ಅಪ್ಪ ಮಾರಿಯೊ ಫ್ಯಾಸಿಸ್ಟ್, ಸುಮ್ನೆ ಪಾರ್ಟಿ ಕಾರ್ಡ್ ಇಟ್ಕೊಂಡಿದ್ದ ಫ್ಯಾಸಿಸ್ಟ್ ಅಲ್ಲ, ಮುಸೊಲಿನಿ ಕೊನೆಗಾಲದಲ್ಲಿ ಕಟ್ಟಿದ ಬ್ಲ್ಯಾಕ್ ಬ್ರಿಗೇಡ್ ಪಡೆಯಲ್ಲಿ ಟ್ಯೂರಿನ್ ಹತ್ತಿರದ ಕಿವಾಸ್ಸೊ ಊರಿನ ಕಮಾಂಡರ್. ಯುದ್ಧ ಮುಗಿದ ಮೇಲೆ ಜೈಲಿಗೆ ಹೋದ್ರು. ಅಮ್ಮನ ಕಡೆಯವರು ಮಿಲಾನಿನ ಅನುಕೂಲಸ್ಥರು, ಆದ್ರೆ ಯುದ್ಧ ಆದ್ಮೇಲೆ ಮನೇಲಿ ಕಷ್ಟ. ಹುಡುಗ ಹದಿಹರೆಯದಲ್ಲೇ ಸ್ಕೂಲು ಬಿಟ್ಟ, ಫ್ರಾನ್ಸ್‌ಗೆ ಹೋಗಿ ಸೇಬು ಕೀಳೋ ಕೂಲಿ ಮಾಡಿದ, ವಾಪಸ್ ಬಂದು ಊರೂರು ಸುತ್ತೋ ನಾಟಕದ ತಂಡ ಸೇರ್ಕೊಂಡ. ಮೊದಲು ಕೊಟ್ಟಿದ್ದು ನಟನೆ ಕೆಲಸ ಅಲ್ಲ, ಬಟ್ಟೆಬರೆ ನೋಡ್ಕೊಳ್ಳೋದು, ತಂಡದ ಲೆಕ್ಕಪತ್ರ ನೋಡ್ಕೊಳ್ಳೋದು, ಆಮೇಲೆ ಸಣ್ಣಪುಟ್ಟ ಪಾತ್ರ. ನಮ್ಮ ಹಳೇ ಕಂಪನಿ ನಾಟಕದಲ್ಲಿ ಪರದೆ ಎಳೆಯೋ ಹುಡುಗ ಒಂದಿನ ಬಣ್ಣ ಹಚ್ಕೊಂಡು ರಂಗಕ್ಕೆ ಬರ್ತಿದ್ನಲ್ಲ, ಹಾಗೇ.

ಆದ್ರೆ ಅಲ್ಲೇ ನಿಲ್ಲಲಿಲ್ಲ. 1954ರಲ್ಲಿ ರೋಮ್‌ನ ರಾಷ್ಟ್ರೀಯ ನಾಟಕ ಅಕಾಡೆಮಿಗೆ ಸೇರಿ 1957ರಲ್ಲಿ ಪಾಸಾಗಿ ಬಂದ್ರು. ಸುತ್ತಾಟದ ತಂಡದಲ್ಲಿ ಜನರನ್ನ ಹಿಡಿದಿಡೋದನ್ನ ಕಲಿತಿದ್ರು, ಅಕಾಡೆಮಿಯಲ್ಲಿ ಪಠ್ಯ ಓದೋದನ್ನ ಕಲಿತ್ರು. ಅವರ ಸಿನಿಮಾ ನೋಡ್ತಾ ನೋಡ್ತಾ ಈ ಎರಡೂ ಕಾಣತ್ತೆ ನಂಗೆ. ಒಂದು ಕಡೆ ದೊಡ್ಡ ದನಿ, ದೊಡ್ಡ ಅಂಗಚೇಷ್ಟೆ, ಇನ್ನೊಂದು ಕಡೆ ಒಂದೊಂದು ಪದದ ತೂಕ ಗೊತ್ತಿರೋ ನಟ.

1959ರಲ್ಲಿ ಇಟಲಿಯ ಸರ್ಕಾರಿ ಟಿವಿ ರಾಯ್, ದೊಸ್ತೊಯೆವ್‌ಸ್ಕಿಯ 'ಈಡಿಯಟ್' ಕಾದಂಬರಿನ ಧಾರಾವಾಹಿ ಮಾಡ್ತು. ಅದರಲ್ಲಿ ಜೋರ್ಜೊ ಅಲ್ಬೆರ್ತಾತ್ಸಿ ರಾಜಕುಮಾರ ಮಿಶ್ಕಿನ್, ವೊಲೊಂತೆ ರೊಗೋಜಿನ್. ಮನೆಮನೆಗೂ ಆ ಮುಖ ತಲುಪಿದ್ದು ಅಲ್ಲಿಂದ. ಮರುವರ್ಷ ವೆರೋನಾದಲ್ಲಿ ರೋಮಿಯೊ, ಎದುರಿಗೆ ಜೂಲಿಯೆಟ್ ಆಗಿ ಕಾರ್ಲಾ ಗ್ರವೀನಾ, ಇಬ್ಬರ ನಡುವೆ ಪ್ರೀತಿ ಆಗಿ ಒಬ್ಬ ಮಗಳೂ ಹುಟ್ಟಿದ್ಲು. ಮದ್ವೆ ಆಗದೆ ಮಗು ಅಂದ್ರೆ ಆಗಿನ ಇಟಲಿಯಲ್ಲಿ ಸಣ್ಣ ವಿಷ್ಯ ಅಲ್ಲ, ಡೈವೋರ್ಸ್ ಕಾನೂನೇ ಅಲ್ಲಿ ಬಂದಿದ್ದು 1970ರಲ್ಲಿ.

ರಂಗಭೂಮಿಯಲ್ಲಿ ಅವರ ಹೆಸರು ಜೋರಾಗಿ ಕೇಳಿಬಂದಿದ್ದು ಒಂದು ನಿಂತುಹೋದ ನಾಟಕದಿಂದ. 1965ರ ಆರಂಭದಲ್ಲಿ ಜರ್ಮನ್ ನಾಟಕಕಾರ ರೋಲ್ಫ್ ಹೋಖ್‌ಹುಟ್ ಬರೆದ ನಾಟಕವನ್ನ ರೋಮ್‌ನಲ್ಲಿ ಆಡೋಕೆ ಹೊರಟ್ರು. ಯಹೂದಿಗಳ ಕೊಲೆ ನಡೀತಿದ್ದಾಗ ಪೋಪ್ ಹನ್ನೆರಡನೇ ಪಯಸ್ ಯಾಕೆ ಬಾಯಿ ಬಿಡ್ಲಿಲ್ಲ ಅನ್ನೋ ಪ್ರಶ್ನೆ ಆ ನಾಟಕದ್ದು. ವ್ಯಾಟಿಕನ್ ಇರೋ ಊರಲ್ಲಿ! ಪೊಲೀಸರು ಬಂದು ಪ್ರದರ್ಶನ ತಡೆದ್ರು, ಚರ್ಚ್ ಮತ್ತು ಸರ್ಕಾರದ ನಡುವಿನ ಒಪ್ಪಂದದಲ್ಲಿ ರೋಮ್‌ಗೆ ಪವಿತ್ರ ನಗರ ಅನ್ನೋ ಸ್ಥಾನ ಇದೆ, ಅದಕ್ಕೆ ಧಕ್ಕೆ ಆಗತ್ತೆ ಅಂತ ಕಾರಣ ಕೊಟ್ರು. ಗಮನಿಸಿ, ಇದು ಲಿಯೋನೆ ಚಿತ್ರ ಭರ್ಜರಿ ಓಡಿದ ಮೇಲೆ. ಬೇಕಾಗಿದ್ರೆ ಆರಾಮಾಗಿ ಕುದುರೆ ಏರಿ, ಗನ್ ಹಿಡಿದು ವರ್ಷಕ್ಕೆ ನಾಲ್ಕು ಪಿಕ್ಚರ್ ಮಾಡ್ಕೊಂಡಿರಬಹುದಿತ್ತು.

ಹಾಗಂತ ಕೌಬಾಯ್ ಪಾತ್ರಗಳನ್ನ ಅಸಡ್ಡೆಯಿಂದ ಮಾಡಿದ್ರು ಅಂದ್ಕೋಬೇಡಿ. 'ಫಾರ್ ಎ ಫ್ಯೂ ಡಾಲರ್ಸ್ ಮೋರ್' ಚಿತ್ರದ ಎಲ್ ಇಂಡಿಯೊ ನೋಡಿ. ಸಂಗೀತ ನುಡಿಸೋ ಪಾಕೆಟ್ ವಾಚ್ ತೆಗೀತಾನೆ, ಆ ರಾಗ ಮುಗಿಯೋವರೆಗೂ ಕಾದು ಕೊಲ್ತಾನೆ. ಅಷ್ಟು ಮಾತ್ರ ಇದ್ದಿದ್ರೆ ಅದು ಬರೀ ಗಿಮಿಕ್. ವೊಲೊಂತೆ ಏನ್ ಮಾಡ್ತಾರೆ ಅಂದ್ರೆ, ಗಾಂಜಾ ಎಳೆದು ಮಂಕಾಗಿ ಕೂತಾಗ ಆ ರಾಗ ಇವನನ್ನೇ ತಿನ್ನೋ ಹಾಗೆ ಮಾಡ್ತಾರೆ, ನಗು ಎಲ್ಲಿ ಮುಗೀತು ನರಳಾಟ ಎಲ್ಲಿ ಶುರುವಾಯ್ತು ಗೊತ್ತಾಗಲ್ಲ. ಇವನು ಹಿಂದೆ ಮಾಡಿದ ಒಂದು ಪಾಪ ಆ ವಾಚೊಳಗೆ ಕೂತಿದೆ ಅಂತ ಕಥೆ ಹೇಳೋಕೆ ಮೊದಲೇ ಆ ಮುಖ ಹೇಳಿಬಿಡತ್ತೆ.

ಈಗ ಅಪ್ಪನ ವಿಷ್ಯಕ್ಕೆ ವಾಪಸ್ ಬರ್ತೀನಿ, ಯಾಕಂದ್ರೆ ಪಾತ್ರಗಳ ಪಟ್ಟಿ ನೋಡಿದಾಗ ಅದು ನನ್ನ ತಲೆಯಿಂದ ಹೋಗೋದೇ ಇಲ್ಲ. 1962ರಲ್ಲಿ ತಾವಿಯಾನಿ ಸಹೋದರರು ಮತ್ತು ವಾಲೆಂತೀನೊ ಒರ್ಸೀನಿ ಮಾಡಿದ ಚಿತ್ರದಲ್ಲಿ ಸಿಸಿಲಿಯ ರೈತ ಸಂಘಟಕನ ಪಾತ್ರ, 1955ರಲ್ಲಿ ಮಾಫಿಯಾ ಕೊಂದ ಸಾಲ್ವತೋರೆ ಕಾರ್ನೆವಾಲೆಯ ಬದುಕು ಅದಕ್ಕೆ ಮೂಲ. 1963ರಲ್ಲಿ ವೆನಿಸ್‌ನಲ್ಲಿ ನಾಜಿಗಳ ವಿರುದ್ಧ ಬಾಂಬ್ ಇಡೋ ಹೋರಾಟಗಾರ. 1968ರಲ್ಲಿ ಚೆರ್ವಿ ಸಹೋದರರ ಚಿತ್ರ. ಈ ಚೆರ್ವಿ ಅಂದ್ರೆ ರೆಜ್ಜೊ ಎಮಿಲಿಯಾ ಕಡೆಯ ರೈತ ಕುಟುಂಬ, ಏಳು ಜನ ಅಣ್ಣತಮ್ಮಂದಿರು, ಏಳೂ ಜನರನ್ನ 1943ರ ಡಿಸೆಂಬರ್ 28ರಂದು ಫ್ಯಾಸಿಸ್ಟರು ಸಾಲಾಗಿ ನಿಲ್ಲಿಸಿ ಗುಂಡಿಟ್ಟು ಕೊಂದ್ರು. ಫ್ಯಾಸಿಸ್ಟ್ ಕಮಾಂಡರ್ ಮಗ ಆ ಏಳರಲ್ಲಿ ಒಬ್ಬನಾಗಿ ಕ್ಯಾಮೆರಾ ಎದುರು ನಿಂತಿದಾನೆ. ಇದ್ರ ಬಗ್ಗೆ ಅವರು ದೊಡ್ಡದಾಗಿ ಹೇಳ್ಕೊಂಡು ತಿರುಗ್ಲಿಲ್ಲ. ಸಂದರ್ಶನಗಳಿಗಿಂತ ಪಾತ್ರಗಳ ಆಯ್ಕೆಯಲ್ಲೇ ಉತ್ತರ ಕೊಟ್ರು ಅಂತ ನಂಗನ್ಸತ್ತೆ, ಇದು ನನ್ನ ಓದು, ಬೇರೆಯವರಿಗೆ ಬೇರೆ ಥರ ಕಾಣಬಹುದು.

ಆ ಕಾಲದ ಇಟಲಿ ಹೇಗಿತ್ತು ಅಂತ ಸ್ವಲ್ಪ ಹೇಳ್ಬೇಕು, ಇಲ್ದಿದ್ರೆ ಮುಂದಿನದು ಅರ್ಥ ಆಗಲ್ಲ. 1969ರ ಡಿಸೆಂಬರ್ 12, ಮಿಲಾನ್‌ನ ಪಿಯಾತ್ಸಾ ಫೊಂತಾನಾದ ಬ್ಯಾಂಕಲ್ಲಿ ಬಾಂಬ್ ಸಿಡಿದು 17 ಜನ ಸತ್ರು. ಪೊಲೀಸರು ಅನಾರ್ಕಿಸ್ಟರನ್ನ (ಸರ್ಕಾರ, ಅಧಿಕಾರ ಅನ್ನೋದೇ ಬೇಡ ಅನ್ನೋ ಪಂಥದವರು) ಹಿಡಿದ್ರು, ಅವರಲ್ಲಿ ಜುಸೆಪ್ಪೆ ಪಿನೆಲ್ಲಿ ಅನ್ನೋ ರೈಲ್ವೆ ಕೆಲಸಗಾರ ಮೂರು ದಿನ ವಿಚಾರಣೆ ಆದ್ಮೇಲೆ ಪೊಲೀಸ್ ಮುಖ್ಯ ಕಚೇರಿಯ ನಾಲ್ಕನೇ ಮಹಡಿ ಕಿಟಕಿಯಿಂದ ಕೆಳಗೆ ಬಿದ್ದು ಸತ್ತ. ಬಾಂಬ್ ಇಟ್ಟಿದ್ದು ಬಲಪಂಥೀಯ ಉಗ್ರರು ಅಂತ ಎಷ್ಟೋ ವರ್ಷದ ಮೇಲೆ ಕೋರ್ಟ್‌ಗಳು ಹೇಳಿದ್ವು. ಪಿನೆಲ್ಲಿ ಹೇಗೆ ಬಿದ್ದ ಅನ್ನೋದಕ್ಕೆ ಪೊಲೀಸರು ಒಂದೊಂದು ಸಲ ಒಂದೊಂದು ಥರ ಹೇಳಿದ್ರು.

ನಿರ್ದೇಶಕ ಎಲಿಯೊ ಪೆತ್ರಿ 1970ರಲ್ಲಿ ಒಂದು ಕಿರುಚಿತ್ರ ಮಾಡಿದ್ರು. ಒಂದು ಕೋಣೆ, ಒಂದು ಕಿಟಕಿ, ಕೆಲವು ನಟರು, ಅಷ್ಟೇ. ವೊಲೊಂತೆ ಕ್ಯಾಮೆರಾ ನೋಡಿ ನೇರವಾಗಿ ಹೇಳ್ತಾರೆ, ಪೊಲೀಸರು ಹೀಗಾಯ್ತು ಅಂದಿದಾರೆ, ಈಗ ಅದನ್ನ ಆಡಿ ನೋಡೋಣ ಅನ್ನೋ ಥರ. ಆಮೇಲೆ ಒಂದೊಂದೇ ಹೇಳಿಕೆನ ನಟಿಸಿ ತೋರಿಸ್ತಾರೆ, ಇಷ್ಟು ಜನ ಇಲ್ಲಿ ನಿಂತಿದ್ರು, ಇವನು ಅಲ್ಲಿ ಕೂತಿದ್ದ, ಹೀಗೆ ಓಡಿದ. ಆಡ್ತಾ ಆಡ್ತಾ ಆ ಹೇಳಿಕೆ ತಾನಾಗಿ ಕುಸಿದುಬೀಳತ್ತೆ. ಭಾಷಣ ಇಲ್ಲ, ಘೋಷಣೆ ಇಲ್ಲ. ನಟನೆ ಅನ್ನೋದು ಸುಳ್ಳನ್ನ ಹಿಡಿಯೋ ಸಾಧನ ಆಗಬಹುದು ಅಂತ ನಾನು ಅಷ್ಟು ಸ್ಪಷ್ಟವಾಗಿ ಬೇರೆಲ್ಲೂ ನೋಡಿಲ್ಲ. ಆ ವರ್ಷಗಳಲ್ಲೇ ಅವರು ಬೀದಿ ನಾಟಕದ ತಂಡ ಕಟ್ಕೊಂಡು ಕಾರ್ಖಾನೆ ಗೇಟ್ ಹತ್ರ, ಮುಷ್ಕರ ನಡೆಯೋ ಕಡೆ ಹೋಗಿ ಆಡ್ತಿದ್ರು.

ಪೆತ್ರಿ ಜೊತೆ ಅವರ ದೊಡ್ಡ ಕೆಲಸ ಅಂದ್ರೆ 1970ರ 'ಇನ್ವೆಸ್ಟಿಗೇಶನ್ ಆಫ್ ಎ ಸಿಟಿಜನ್ ಅಬೌವ್ ಸಸ್ಪಿಷನ್'. ಪಿನೆಲ್ಲಿ ಸತ್ತು ಎರಡೇ ತಿಂಗಳಿಗೆ ಥಿಯೇಟರಿಗೆ ಬಂತು, ಶೂಟಿಂಗ್ ಅದಕ್ಕೂ ಮುಂಚೆನೇ ಮುಗಿದಿತ್ತು. ಕಥೆ ಇಷ್ಟೇ, ಕೊಲೆ ವಿಭಾಗದ ಪೊಲೀಸ್ ಮುಖ್ಯಸ್ಥ ತನ್ನ ಪ್ರೇಯಸಿಯನ್ನ ಕೊಲ್ತಾನೆ, ಸಾಕ್ಷಿ ಅಳಿಸೋದಿರ್ಲಿ, ಬೇಕು ಬೇಕಂತ್ಲೇ ಬೆರಳಚ್ಚು, ಹೆಜ್ಜೆ ಗುರುತು ಎಲ್ಲಾ ಬಿಟ್ಟು ಬರ್ತಾನೆ, ತಾನೇ ಪೊಲೀಸರಿಗೆ ಫೋನ್ ಮಾಡ್ತಾನೆ. ನನ್ನನ್ನ ಹಿಡಿಯೋ ಧೈರ್ಯ ಯಾರಿಗಿದೆ ಅಂತ ನೋಡೋ ಆಟ. ಅದೇ ದಿನ ಅವನಿಗೆ ಪ್ರಮೋಷನ್, ರಾಜಕೀಯ ವಿಭಾಗಕ್ಕೆ ಮುಖ್ಯಸ್ಥ! ಆ ಪಾತ್ರಕ್ಕೆ ಹೆಸರೂ ಇಲ್ಲ, ಎಲ್ರೂ ದೊತ್ತೋರೆ ಅಂತಾರೆ, ನಾವು ಸಾಹೇಬ್ರು ಅಂತೀವಲ್ಲ ಹಾಗೆ.

ಪ್ರಮೋಷನ್ ಆದ್ಮೇಲೆ ಅವನು ಸಿಬ್ಬಂದಿ ಮುಂದೆ ಭಾಷಣ ಮಾಡೋ ದೃಶ್ಯ ಇದೆ. ಎಣ್ಣೆ ಹಾಕಿ ಹಿಂದಕ್ಕೆ ಬಾಚಿದ ಕೂದಲು, ಕಾಲರ್ ಬಿಗಿ, ದಕ್ಷಿಣ ಇಟಲಿ ರಾಗದ ಮಾತು. ಮೆಲ್ಲಗೆ ಶುರು ಮಾಡ್ತಾನೆ, ಆಫೀಸ್ ಮೀಟಿಂಗ್ ಥರ, ಅಂಕಿ ಅಂಶ, ಜನ ಎಷ್ಟು ಸ್ವಾತಂತ್ರ್ಯ ಕೇಳ್ತಿದಾರೆ, ಗೋಡೆ ಬರಹ ಎಷ್ಟು ಜಾಸ್ತಿಯಾಗಿದೆ, ಹೀಗೆ. ಒಂದೊಂದು ಮೆಟ್ಟಿಲಾಗಿ ದನಿ ಏರತ್ತೆ, ಕೊನೆಗೆ ದಮನವೇ ನಾಗರಿಕತೆ ಅಂತ ಕಿರುಚ್ತಾನೆ, ಎಲ್ಲಾ ಎದ್ದು ಚಪ್ಪಾಳೆ. ಆ ಏರಿಕೆಯಲ್ಲಿ ಎಲ್ಲೂ ಜಿಗಿತ ಇಲ್ಲ, ಸೀಳು ಇಲ್ಲ, ಅದಕ್ಕೇ ಹೆದರಿಕೆ ಆಗೋದು. ಇದೇ ಮನುಷ್ಯ ಪ್ರೇಯಸಿ ಎದುರಿಗೆ ಮಗು ಆಗಿಬಿಡ್ತಾನೆ, ಅವಳು ನೀನು ಗಂಡಸೇ ಅಲ್ಲ ಅನ್ನೋ ಥರ ಹಂಗಿಸಿದ್ರೆ ಮುಖ ಸಣ್ಣ ಹುಡುಗನ ಥರ ಕುಗ್ಗತ್ತೆ. ಅಧಿಕಾರದಲ್ಲಿರೋನ ಒಳಗಿನ ಪುಕ್ಕಲುತನ ತೋರಿಸೋಕೆ ಅವನನ್ನ ಕಾರ್ಟೂನ್ ಮಾಡ್ಬೇಕಿಲ್ಲ ಅಂತ ವೊಲೊಂತೆಗೆ ಗೊತ್ತಿತ್ತು. ಆ ವರ್ಷದ ಅತ್ಯುತ್ತಮ ವಿದೇಶಿ ಭಾಷಾ ಚಿತ್ರದ ಆಸ್ಕರ್ ಇದಕ್ಕೇ ಬಂತು.

ಮರುವರ್ಷ ಅದೇ ಪೆತ್ರಿ, ಅದೇ ವೊಲೊಂತೆ, ಆದ್ರೆ ಈ ಸಲ ಕಾರ್ಖಾನೆಯ ತುಂಡು ಕೂಲಿ ಕೆಲಸಗಾರ ಲುಲು ಮಾಸ್ಸಾ. 'ದಿ ವರ್ಕಿಂಗ್ ಕ್ಲಾಸ್ ಗೋಸ್ ಟು ಹೆವನ್'. ಎಷ್ಟು ಪೀಸ್ ಮಾಡಿದ್ರೆ ಅಷ್ಟು ದುಡ್ಡು, ಲುಲು ಎಲ್ರಿಗಿಂತ ಜೋರು, ಮ್ಯಾನೇಜ್‌ಮೆಂಟ್‌ಗೆ ಅಚ್ಚುಮೆಚ್ಚು, ಅವನ ವೇಗ ನೋಡಿ ಉಳಿದೋರಿಗೆ ಟಾರ್ಗೆಟ್ ಏರಿಸ್ತಾರೆ, ಹಾಗಾಗಿ ಜೊತೆ ಕೆಲಸಗಾರರಿಗೆ ಅವನನ್ನ ಕಂಡ್ರಾಗಲ್ಲ. ಒಂದಿನ ಮಷೀನಿಗೆ ಬೆರಳು ಕೊಡ್ತಾನೆ. ಅಲ್ಲಿಂದ ಬದಲಾಗ್ತಾನೆ, ಹೋರಾಟಕ್ಕೆ ಇಳೀತಾನೆ, ಕೆಲಸ ಹೋಗತ್ತೆ. ಇದರಲ್ಲಿ ಅವರ ದೇಹ ನೋಡಿ, ಮಷೀನ್ ಎದುರು ನಿಂತಾಗ ಭುಜ, ಸೊಂಟ, ಕೈ ಎಲ್ಲಾ ಒಂದು ಲಯಕ್ಕೆ ಬಿದ್ದುಬಿಟ್ಟಿದೆ, ಮನೆಗೆ ಬಂದು ಸೋಫಾದಲ್ಲಿ ಕೂತ್ರೂ ಆ ಲಯ ಬಿಡಲ್ಲ. ಹಿಂದಿನ ಚಿತ್ರದಲ್ಲಿ ಎದೆ ಸೆಟೆಸಿ ನಡೆದ ಮನುಷ್ಯ ಇವನೇನಾ ಅನ್ಸತ್ತೆ. ಹಳೇ ಜೊತೆಗಾರ ಮಿಲಿತೀನಾ ಹುಚ್ಚಾಸ್ಪತ್ರೆಯಲ್ಲಿದಾನೆ, ಲುಲು ಅವನನ್ನ ನೋಡೋಕೆ ಹೋಗ್ತಾನೆ, ಸಾಲ್ವೊ ರಂದೋನೆ ಆ ಪಾತ್ರ ಮಾಡಿದಾರೆ, ಅವರಿಬ್ಬರ ಮಾತಿಗೋಸ್ಕರನೇ ಆ ಚಿತ್ರ ನೋಡಬಹುದು.

ಮಾಲೀಕರ ಕಡೆಯವರಿಗೆ ಚಿತ್ರ ಹಿಡಿಸಲಿಲ್ಲ ಅಂದ್ರೆ ಸರಿ, ಎಡಪಂಥೀಯರಲ್ಲೇ ಎಷ್ಟೋ ಜನಕ್ಕೆ ಸಿಟ್ಟು ಬಂತು. ಯೂನಿಯನ್ನಿನವರನ್ನೂ, ಗೇಟ್ ಹೊರಗೆ ಮೈಕ್ ಹಿಡಿದ ವಿದ್ಯಾರ್ಥಿಗಳನ್ನೂ ಚಿತ್ರ ಬಿಟ್ಟಿಲ್ಲ, ಅದಕ್ಕೆ. ಕಮ್ಯುನಿಸ್ಟ್ ಪಾರ್ಟಿ ಸದಸ್ಯ ಆಗಿದ್ದೂ ವೊಲೊಂತೆ ಇಂಥ ಚಿತ್ರದಲ್ಲಿ ಮಾಡಿದ್ರು ಅನ್ನೋದು ನಂಗೆ ಬಹಳ ದೊಡ್ಡದಾಗಿ ಕಾಣತ್ತೆ.

1972ರ ಕಾನ್ ಚಿತ್ರೋತ್ಸವದಲ್ಲಿ ಅತ್ಯುನ್ನತ ಪ್ರಶಸ್ತಿ ಎರಡು ಚಿತ್ರಗಳ ನಡುವೆ ಹಂಚಿಕೆ ಆಯ್ತು, ಎರಡೂ ಇಟಲಿಯವು, ಎರಡರಲ್ಲೂ ಹೀರೊ ವೊಲೊಂತೆ. ಒಂದು ಲುಲು ಚಿತ್ರ, ಇನ್ನೊಂದು ಫ್ರಾಂಚೆಸ್ಕೊ ರೋಸಿಯ 'ದಿ ಮಟ್ಟೇಯ್ ಅಫೇರ್'. ಒಂದರಲ್ಲಿ ಕೂಲಿ, ಇನ್ನೊಂದರಲ್ಲಿ ಇಟಲಿಯ ಸರ್ಕಾರಿ ತೈಲ ಕಂಪನಿ ಎನಿಯ ಮುಖ್ಯಸ್ಥ ಎನ್ರಿಕೊ ಮಟ್ಟೇಯ್. ದೊಡ್ಡ ದೊಡ್ಡ ತೈಲ ಕಂಪನಿಗಳ ಹಿಡಿತ ಮುರಿಯೋಕೆ ಹೊರಟ ಮಟ್ಟೇಯ್ 1962ರ ಅಕ್ಟೋಬರ್ 27ರಂದು ಸಿಸಿಲಿಯಿಂದ ಮಿಲಾನಿಗೆ ವಾಪಸಾಗ್ತಾ ವಿಮಾನ ಬಿದ್ದು ಸತ್ರು. ಅಪಘಾತನಾ ಕೊಲೆನಾ ಅನ್ನೋದೇ ಚಿತ್ರ. ಈ ಚಿತ್ರದ ತಯಾರಿ ಸಮಯದಲ್ಲಿ ಮಟ್ಟೇಯ್ ಸಿಸಿಲಿಯಲ್ಲಿ ಕಳೆದ ಕೊನೇ ದಿನಗಳ ಬಗ್ಗೆ ಮಾಹಿತಿ ಕಲೆಹಾಕೋಕೆ ರೋಸಿ ಪಲೆರ್ಮೊದ ಪತ್ರಕರ್ತ ಮಾವ್ರೊ ದೆ ಮಾವ್ರೊಗೆ ಹೇಳಿದ್ರು, 1970ರ ಸೆಪ್ಟೆಂಬರ್‌ನಲ್ಲಿ ಅವರನ್ನ ಮನೆ ಹತ್ತಿರದಿಂದಲೇ ಯಾರೋ ಎತ್ಕೊಂಡು ಹೋದ್ರು, ಶವ ಇವತ್ತಿಗೂ ಸಿಕ್ಕಿಲ್ಲ. ಅಂಥ ಹೊತ್ತಲ್ಲಿ ಇಂಥ ಸಿನಿಮಾ ಮಾಡ್ತಿದ್ರು ಇವರು.

ನಡುವೆ 1971ರಲ್ಲಿ ಜೂಲಿಯಾನೊ ಮೊಂತಾಲ್ದೊ ಅವರ ಸಾಕೊ ಮತ್ತು ವಾಂಜೆಟ್ಟಿ ಚಿತ್ರ. ಅಮೆರಿಕಕ್ಕೆ ಹೊಟ್ಟೆಪಾಡಿಗೆ ಹೋದ ಇಬ್ಬರು ಇಟಾಲಿಯನ್ ಅನಾರ್ಕಿಸ್ಟರನ್ನ ಕೊಲೆ ಆರೋಪ ಹೊರಿಸಿ 1927ರ ಆಗಸ್ಟ್ 23ರಂದು ವಿದ್ಯುತ್ ಕುರ್ಚಿಗೆ ಹಾಕಿದ ಕಥೆ. ಹತ್ತು ವರ್ಷ ಹಿಂದೆ ಇದೇ ಜೋಡಿಯ ಮೇಲಿನ ನಾಟಕದಲ್ಲೂ ವೊಲೊಂತೆ ಇದ್ರು, ಸಿನಿಮಾದಲ್ಲಿ ಅವರು ವಾಂಜೆಟ್ಟಿ. ಕೋರ್ಟಲ್ಲಿ ಕೊನೇ ಮಾತು ಆಡೋ ದೃಶ್ಯದಲ್ಲಿ ಅವರ ಕಣ್ಣು ನ್ಯಾಯಾಧೀಶರನ್ನ ಬಿಟ್ಟು ಕದಲಲ್ಲ, ದನಿ ಏರಲ್ಲ. ಮೊರಿಕೊನೆ ಸಂಗೀತಕ್ಕೆ ಜೋನ್ ಬೇಜ್ ಹಾಡಿದ್ದು ಇದೇ ಚಿತ್ರಕ್ಕೆ. ಕಾನ್‌ನಲ್ಲಿ ನಟ ಪ್ರಶಸ್ತಿ ಬಂದಿದ್ದು ಸಾಕೊ ಮಾಡಿದ ರಿಕಾರ್ಡೊ ಕುಚ್ಚೊಲ್ಲಾಗೆ, ಆ ಪ್ರಶಸ್ತಿ ಪೂರ್ತಿ ನ್ಯಾಯವಾದದ್ದು.

ಇವೆಲ್ಲ ಹೇಗೆ ಸಾಧ್ಯ ಆಗ್ತಿತ್ತು? ಅವರ ಜೊತೆ ಕೆಲಸ ಮಾಡಿದವರೆಲ್ಲ ಹೇಳೋ ಒಂದು ಸಂಗತಿ ಇದೆ. ಸ್ಕ್ರಿಪ್ಟ್ ಕೈಗೆ ಬಂದ್ರೆ ವೊಲೊಂತೆ ಅದನ್ನ ಓದಿ ಬಾಯಿಪಾಠ ಮಾಡ್ತಿರ್ಲಿಲ್ಲ, ನೋಟ್‌ಬುಕ್ ತಗೊಂಡು ತಮ್ಮ ಕೈಬರಹದಲ್ಲಿ ಮೊದಲಿಂದ ಕೊನೇವರೆಗೂ ನಕಲು ಮಾಡ್ಕೋತಿದ್ರು. ಒಂದ್ಸಲ ಅಲ್ಲ, ಮತ್ತೆ ಮತ್ತೆ. ಬರೀತಾ ಬರೀತಾ ಆ ಮನುಷ್ಯನ ಮಾತಿನ ಓಟ ಕೈಗೆ ಹತ್ತತ್ತೆ, ಎಲ್ಲಿ ಉಸಿರು ತಗೋತಾನೆ, ಎಲ್ಲಿ ಮಾತು ನುಂಗ್ತಾನೆ ಅಂತ ತಿಳಿಯತ್ತೆ. ವಾಂಜೆಟ್ಟಿ ಪಿಯೆಮೊಂತೆ ಕಡೆಯವನು, ಮಟ್ಟೇಯ್ ಮಾರ್ಕೆ ಪ್ರಾಂತ್ಯದವರು, ಲುಲು ಉತ್ತರದ ಫ್ಯಾಕ್ಟರಿ ಊರಿನವನು, ದೊತ್ತೋರೆ ದಕ್ಷಿಣದವನು, ನಂಗೆ ಇಟಾಲಿಯನ್ ಬರಲ್ಲ, ಆದ್ರೂ ಒಂದರ ಪಕ್ಕ ಒಂದು ಕೇಳಿದ್ರೆ ನಾಲ್ಕು ಊರಿನ ನಾಲ್ಕು ಜನ ಮಾತಾಡ್ತಿದಾರೆ ಅಂತ ಕಿವಿಗೇ ತಿಳಿಯತ್ತೆ. ಅದಕ್ಕೇ ದಯವಿಟ್ಟು ಇಂಗ್ಲಿಷ್ ಡಬ್ ಪ್ರತಿ ನೋಡ್ಬೇಡಿ, ಸಬ್‌ಟೈಟಲ್ ಹಾಕ್ಕೊಂಡು ಇಟಾಲಿಯನ್ ಆಡಿಯೊದಲ್ಲೇ ನೋಡಿ, ಅರ್ಧ ನಟನೆ ಅಲ್ಲೇ ಇದೆ.

ಡಬ್ಬಿಂಗ್ ವಿಷ್ಯಕ್ಕೆ ಬಂದೆ ನೋಡಿ. ಇಟಲಿಯಲ್ಲಿ ಆಗ ಹೆಚ್ಚಿನ ಸಿನಿಮಾಗಳಲ್ಲಿ ಶೂಟಿಂಗ್ ಧ್ವನಿ ಬಳಸ್ತಾನೇ ಇರ್ಲಿಲ್ಲ, ಆಮೇಲೆ ಸ್ಟುಡಿಯೊದಲ್ಲಿ ಸೇರಿಸೋದು. ಹಾಗಾಗಿ ಚಂದದ ಮುಖ ಒಬ್ಬರದ್ದು, ಚಂದದ ಧ್ವನಿ ಇನ್ನೊಬ್ಬರದ್ದು, ಇದು ಮಾಮೂಲು. ಕ್ಲೌಡಿಯಾ ಕಾರ್ಡಿನಾಲೆ ಅಂಥ ತಾರೆಗೂ ಶುರುವಿನ ಚಿತ್ರಗಳಲ್ಲಿ ಬೇರೆಯವರೇ ಮಾತಾಡಿದ್ದು. ವೊಲೊಂತೆ ಮತ್ತು ಅವರ ಜೊತೆಗಾರರು ಇದರ ವಿರುದ್ಧ ನಟರನ್ನ ಸಂಘಟಿಸಿದ್ರು, ಪಾತ್ರ ಮಾಡಿದವನೇ ಮಾತಾಡ್ಬೇಕು, ಅದು ನಟನ ಹಕ್ಕು ಅಂತ. ಇದು ಬರೀ ಕಲೆಯ ಪ್ರಶ್ನೆ ಅಲ್ಲ, ಕೆಲಸದ ಪ್ರಶ್ನೆ. ಕೆಲಸಗಾರನಿಂದ ಅರ್ಧ ಕೆಲಸ ಮಾಡಿಸ್ಕೊಂಡು ಉಳಿದರ್ಧ ಇನ್ನೊಬ್ಬನಿಗೆ ಕೊಟ್ರೆ ಅವನು ಮಾಡಿದ ವಸ್ತು ಅವನದ್ದಾಗಿ ಉಳಿಯಲ್ಲ, ಲುಲುಗೆ ಮಷೀನ್ ಮೇಲಿನ ಪೀಸ್ ಹೇಗೆ ಅವನದ್ದಲ್ಲವೋ ಹಾಗೆ. ನಟನೂ ಒಬ್ಬ ದುಡಿಯೋನು ಅಂತ ಅವರು ನಂಬಿದ್ರು. ನಟ ಆದೋನು ಅಧಿಕಾರದ ಕೈಗೊಂಬೆ ಆಗಬಹುದು, ಇಲ್ಲಾ ಸಮಾಜ ಮುಂದೆ ಹೋಗೋ ಕಡೆ ನಿಲ್ಲಬಹುದು, ಆಯ್ಕೆ ಮಾಡ್ಲೇಬೇಕು ಅನ್ನೋದು ಅವರು ಹಲವು ಸಲ ಹೇಳಿದ ಮಾತಿನ ಸಾರ.

1975ರಲ್ಲಿ ಕಮ್ಯುನಿಸ್ಟ್ ಪಾರ್ಟಿಯಿಂದ ರೋಮ್ ಇರೋ ಲಾತ್ಸಿಯೊ ಪ್ರಾಂತ್ಯದ ಸಭೆಗೆ ಆಯ್ಕೆ ಆದ್ರು, ಕೆಲವೇ ತಿಂಗಳಲ್ಲಿ ರಾಜೀನಾಮೆ ಕೊಟ್ಟು ಬಂದ್ರು. ಆ ಕುರ್ಚಿ ಅವರಿಗೆ ಒಗ್ಗಲಿಲ್ಲ.

ಇನ್ನು ಮೋರೊ ಕಥೆ. ಇದನ್ನ ಹೇಳೋಕೇ ನಾನು ಇಷ್ಟುದ್ದ ಬಂದಿದ್ದು ಅಂದ್ರೂ ತಪ್ಪಿಲ್ಲ. 1976ರಲ್ಲಿ ಪೆತ್ರಿ ಸಿಸಿಲಿಯ ಲೇಖಕ ಲಿಯೊನಾರ್ದೊ ಶಾಶಾ ಕಾದಂಬರಿ ಆಧರಿಸಿ 'ತೋದೊ ಮೋದೊ' ಮಾಡಿದ್ರು. ದಶಕಗಟ್ಟಲೆ ಇಟಲಿ ಆಳಿದ ಕ್ರಿಶ್ಚಿಯನ್ ಡೆಮಾಕ್ರಟಿಕ್ ಪಾರ್ಟಿಯ ದೊಡ್ಡವರೆಲ್ಲ ಒಂದು ನೆಲಮಾಳಿಗೆಯಲ್ಲಿ ಪ್ರಾರ್ಥನೆ, ಪಶ್ಚಾತ್ತಾಪ ಅಂತ ಸೇರಿರ್ತಾರೆ, ಒಬ್ಬೊಬ್ಬರೇ ಕೊಲೆಯಾಗ್ತಾ ಹೋಗ್ತಾರೆ. ಪಾದ್ರಿ ಪಾತ್ರದಲ್ಲಿ ಮಾರ್ಚೆಲ್ಲೊ ಮಾಸ್ತ್ರೊಯಾನಿ. ವೊಲೊಂತೆ ಮಾಡಿದ ನಾಯಕನ ಹೆಸರು ಬರೀ ಎಮ್, ಆದ್ರೆ ಅದು ಆಲ್ದೊ ಮೋರೊ ಅಂತ ಚಿಕ್ಕ ಮಕ್ಕಳಿಗೂ ಗೊತ್ತಾಗೋ ಹಾಗಿತ್ತು, ಐದು ಸಲ ಪ್ರಧಾನಿಯಾಗಿದ್ದ ಮೋರೊ. ಆ ತಗ್ಗಿದ ಕತ್ತು, ಮೆತ್ತನೆ ಮಾತು, ಎಲ್ರನ್ನೂ ಸಮಾಧಾನ ಮಾಡೋ ಕೈ. ಮೊದಲ ಎರಡು ದಿನದ ಶೂಟಿಂಗ್ ನೋಡಿ ಹೋಲಿಕೆ ಅತಿಯಾಯ್ತು, ಹೊಟ್ಟೆ ತೊಳೆಸೋ ಹಾಗಿದೆ ಅಂತ ಅದನ್ನ ತೆಗೆದುಹಾಕಿ ಮತ್ತೆ ಶುರು ಮಾಡಿದ್ರು ಅಂತ ಪೆತ್ರಿ ಹೇಳಿದಾರೆ. ಉಳಿದಿರೋದೇ ಇಷ್ಟು ನಿಖರ ಅಂದ್ರೆ ಬಿಸಾಕಿದ್ದು ಹೇಗಿತ್ತೋ.

ಎರಡು ವರ್ಷ ಆಗ್ಲಿಲ್ಲ, 1978ರ ಮಾರ್ಚ್ 16ರಂದು ರೆಡ್ ಬ್ರಿಗೇಡ್ಸ್ ಅನ್ನೋ ಎಡಪಂಥೀಯ ಉಗ್ರರ ಗುಂಪಿನವರು ರೋಮ್‌ನ ವಿಯಾ ಫಾನಿಯಲ್ಲಿ ಮೋರೊ ಜೊತೆಗಿದ್ದ ಐದು ಜನ ರಕ್ಷಕರನ್ನ ಕೊಂದು ಅವರನ್ನ ಎತ್ಕೊಂಡು ಹೋದ್ರು. 55 ದಿನ ಇಟ್ಕೊಂಡ್ರು, ಮೋರೊ ಒಳಗಿಂದ ಪತ್ರದ ಮೇಲೆ ಪತ್ರ ಬರೆದ್ರು, ಸರ್ಕಾರ ಮಾತುಕತೆಗೆ ಒಪ್ಪಲಿಲ್ಲ. ಮೇ 9ಕ್ಕೆ ಶವ ಒಂದು ರೆನೊ 4 ಕಾರಿನ ಡಿಕ್ಕಿಯಲ್ಲಿ ಸಿಕ್ತು. ಅದಾದ್ಮೇಲೆ 'ತೋದೊ ಮೋದೊ' ತೋರಿಸೋದು ಯಾರಿಗೂ ಬೇಡವಾಯ್ತು, ವರ್ಷಗಟ್ಟಲೆ ಸಿಗ್ತಾನೇ ಇರ್ಲಿಲ್ಲ.

1986ರಲ್ಲಿ ಜುಸೆಪ್ಪೆ ಫೆರ್ರಾರಾ ಆ 55 ದಿನಗಳ ಮೇಲೆ ಚಿತ್ರ ಮಾಡಿದಾಗ ಮೋರೊ ಪಾತ್ರ ಒಪ್ಪಿಕೊಂಡಿದ್ದು ಅದೇ ವೊಲೊಂತೆ. ಹತ್ತು ವರ್ಷ ಹಿಂದೆ ಯಾರನ್ನ ಕಟುವಾಗಿ ಕಡೆದು ತೋರಿಸಿದ್ರೋ ಅದೇ ಮನುಷ್ಯನನ್ನ ಈಗ ಸಣ್ಣ ಗೂಡಿನಂಥ ಕೋಣೆಯಲ್ಲಿ ಕೂರಿಸಿ, ಹೆಂಡತಿ ಮಕ್ಕಳಿಗೆ ಪತ್ರ ಬರೆಯೋ ಗಂಡನಾಗಿ, ತನ್ನ ಪಕ್ಷದವರೇ ಕೈಬಿಟ್ಟಿದ್ದು ಅರ್ಥ ಆಗ್ತಾ ಹೋಗೋ ಮುದುಕನಾಗಿ ಮಾಡಿದ್ರು. ಕತ್ತು ಅದೇ ಥರ ತಗ್ಗಿದೆ, ಕೈ ಅದೇ ಥರ ಆಡತ್ತೆ, ಮೊದಲ ಸಲ ಕಪಟವಾಗಿ ಕಂಡಿದ್ದು ಈ ಸಲ ಸೌಜನ್ಯವಾಗಿ ಕಾಣತ್ತೆ. ಬರ್ಲಿನ್‌ನಲ್ಲಿ 1987ರಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಬಂತು ಇದಕ್ಕೆ. ರಾಜಕೀಯ ನಿಲುವು ಇರೋ ನಟನಿಗೆ ಎದುರು ಪಕ್ಷದವನ ಸಂಕಟ ಕಾಣಲ್ಲ ಅಂತ ಯಾರಾದ್ರೂ ಹೇಳಿದ್ರೆ ನಾನು ಈ ಚಿತ್ರ ತೋರಿಸ್ತೀನಿ.

ಈ ನಡುವೆ ಬದುಕು ಚೆನ್ನಾಗಿ ಹೊಡೆದಿತ್ತು. ತಮ್ಮ ಕ್ಲೌಡಿಯೊ, ಅವರೂ ನಟ, 1977ರಲ್ಲಿ ಜೈಲಲ್ಲಿ ತೀರಿಕೊಂಡ್ರು. 80ರ ಆಸುಪಾಸಲ್ಲಿ ವೊಲೊಂತೆಗೇ ಶ್ವಾಸಕೋಶದ ಕ್ಯಾನ್ಸರ್ ಆಗಿ ಆಪರೇಷನ್. 1982ರಲ್ಲಿ ಪೆತ್ರಿ ಹೋದ್ರು, ಇನ್ನೂ 53 ವಯಸ್ಸು. ಎದ್ದು ಬಂದ ವೊಲೊಂತೆ ಸ್ವಿಸ್ ನಿರ್ದೇಶಕ ಕ್ಲೋಡ್ ಗೊರೆಟ್ಟಾ ಚಿತ್ರದಲ್ಲಿ ಕುಂಟುತ್ತಾ ನಡೆಯೋ ಟಿವಿ ಪತ್ರಕರ್ತನಾಗಿ 1983ರಲ್ಲಿ ಕಾನ್‌ನ ಅತ್ಯುತ್ತಮ ನಟ ಆದ್ರು. ಆಮೇಲಿನ ವೊಲೊಂತೆ ಬೇರೆ. ಆ ಗುಡುಗೋ ದನಿ ಇಲ್ಲ, ಸುಮ್ನೆ ಕೂತು ಎದುರಿನವರ ಮಾತು ಕೇಳೋದೇ ನಟನೆ. ಅದರ ಸುಳಿವು 1979ರಲ್ಲೇ ಇತ್ತು, ಮುಸೊಲಿನಿ ಕಾಲದಲ್ಲಿ ದಕ್ಷಿಣದ ಬಡ ಹಳ್ಳಿಗೆ ಗಡಿಪಾರಾದ ಲೇಖಕ, ಚಿತ್ರಕಾರ ಕಾರ್ಲೊ ಲೇವಿಯಾಗಿ ರೋಸಿ ಚಿತ್ರದಲ್ಲಿ. ಅಲ್ಲಿ ರೈತರು ಮಾತಾಡ್ತಾರೆ, ಅವರು ಕೇಳಿಸ್ಕೋತಾರೆ.

1990ರಲ್ಲಿ ಜಾನ್ನಿ ಅಮೆಲಿಯೊ ಮಾಡಿದ 'ಓಪನ್ ಡೋರ್ಸ್' ಮತ್ತೆ ಶಾಶಾ ಕಾದಂಬರಿಯದ್ದು, ಶಾಶಾ ಕಥೆಗಳ ನಾಲ್ಕು ಚಿತ್ರಗಳಲ್ಲಿ ಅವರು ಮಾಡಿದಾರೆ. 1937ರ ಪಲೆರ್ಮೊ, ಒಬ್ಬ ಒಂದೇ ದಿನ ಮೂರು ಕೊಲೆ ಮಾಡಿದಾನೆ, ಅವನೇ ಗಲ್ಲು ಕೇಳ್ತಿದಾನೆ, ಫ್ಯಾಸಿಸ್ಟ್ ಸರ್ಕಾರಕ್ಕೂ ಗಲ್ಲೇ ಬೇಕು, ಊರಿನೋರಿಗೂ ಗಲ್ಲೇ ಬೇಕು, ಒಬ್ಬ ನ್ಯಾಯಾಧೀಶರು ಮಾತ್ರ ಬೇಡ ಅಂತಾರೆ. ಕೊಲೆಗಾರ ಒಳ್ಳೆಯವನಲ್ಲ, ಅವನ ಮೇಲೆ ಕನಿಕರ ಹುಟ್ಟೋ ಹಾಗೆ ಏನೂ ಇಲ್ಲ, ಆದ್ರೂ ಬೇಡ. ವೊಲೊಂತೆ ಈ ಪಾತ್ರವನ್ನ ಎಷ್ಟು ಕಡಿಮೆ ಮಾಡ್ತಾರೆ ಅಂದ್ರೆ ಕನ್ನಡಕ ತೆಗೆದು ಒರೆಸೋದೂ ಒಂದು ಘಟನೆ ಆಗತ್ತೆ. ಫ್ಯಾಸಿಸಮ್ಮಿನ ಒಳಗೇ ಕೂತು ಇಲ್ಲ ಅಂದ ಒಬ್ಬ ಸರ್ಕಾರಿ ನೌಕರ, ಆ ಅಪ್ಪನ ಮಗ ಇದನ್ನ ಮಾಡಿದಾಗ 56 ವಯಸ್ಸು. ಆ ವರ್ಷದ ಯೂರೋಪಿಯನ್ ಫಿಲ್ಮ್ ಅವಾರ್ಡ್ ಬಂತು, ಮರುವರ್ಷ ವೆನಿಸ್‌ನಲ್ಲಿ ಜೀವಮಾನದ ಗೋಲ್ಡನ್ ಲಯನ್.

1994ರಲ್ಲಿ ಗ್ರೀಕ್ ನಿರ್ದೇಶಕ ಥಿಯೊ ಆಂಜೆಲೊಪೌಲೊಸ್ ಚಿತ್ರಕ್ಕೆ ಹೋಗಿದ್ರು. ಯುದ್ಧದ ನಡುವೆ ಸಾರಾಯೆವೊದಲ್ಲಿ ಹಳೇ ಫಿಲ್ಮ್ ರೀಲುಗಳನ್ನ ಕಾಪಾಡ್ತಿರೋ ಮುದುಕನ ಪಾತ್ರ. ಶೂಟಿಂಗ್ ನಡೀತಿದ್ದಾಗಲೇ ಡಿಸೆಂಬರ್ 6ರಂದು ಉತ್ತರ ಗ್ರೀಸ್‌ನ ಫ್ಲೋರಿನಾದಲ್ಲಿ ಹಾರ್ಟ್ ಅಟ್ಯಾಕ್ ಆಗಿ ತೀರಿಕೊಂಡ್ರು, 61 ವರ್ಷ. ಆ ಪಾತ್ರವನ್ನ ಆಮೇಲೆ ಸ್ವೀಡನ್ನಿನ ಎರ್ಲಾಂಡ್ ಜೋಸೆಫ್‌ಸನ್ ಮಾಡಿದ್ರು. ವೊಲೊಂತೆಗೆ ಸಮುದ್ರ ಅಂದ್ರೆ ಪ್ರಾಣ, ಹಾಯಿದೋಣಿ ನಡೆಸ್ತಿದ್ರು, ಹಾಗಾಗಿ ಸಾರ್ಡಿನಿಯಾ ಪಕ್ಕದ ಲಾ ಮದ್ದಲೇನಾ ದ್ವೀಪದಲ್ಲೇ ಮಣ್ಣು ಮಾಡಿದ್ರು. ಅಲ್ಲಿ ಅವರ ನೆನಪಿಗೆ ನಟನೆ ಬಗ್ಗೆಯೇ ಒಂದು ಉತ್ಸವ ನಡೆಯತ್ತೆ, ರೋಮ್‌ನಲ್ಲಿ ಅವರ ಹೆಸರಿನ ಸರ್ಕಾರಿ ಸಿನಿಮಾ ಶಾಲೆ ಇದೆ.

ಎಲ್ಲಿಂದ ಶುರು ಮಾಡೋದು ಅಂತ ಕೇಳೋರಿಗೆ: ಮೊದಲು ಪೊಲೀಸ್ ಮುಖ್ಯಸ್ಥನ ಚಿತ್ರ, ಅದು ಹಿಡಿಸಿದ್ರೆ ಲುಲು, ಒಂದೆರಡು ದಿನ ಬಿಟ್ಟು 'ಓಪನ್ ಡೋರ್ಸ್'. ಮೋರೊ ಚಿತ್ರಗಳು ಎರಡನ್ನೂ ಹುಡುಕಿ ಇಟ್ಕೊಂಡು ಒಂದರ ಹಿಂದೆ ಒಂದು ನೋಡಿ, ಆದ್ರೆ 'ತೋದೊ ಮೋದೊ' ಮೊದಲು, ಹಿಂದುಮುಂದು ಮಾಡ್ಬೇಡಿ.